ಬಳಸದ ಬಲ

ನನ್ನ ಸೋದರಳಿಯನೊಬ್ಬ ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿ ಎಂಜಿನಿಯರಾಗಿದ್ದಾನೆ. ಹೋದ ವರ್ಷ ಬೇಸಗೆಯ ರಜದಲ್ಲಿ ಮೂರು ವಾರ ಅವನ ಮನೆಯಲ್ಲಿದ್ದು ಬಂದೆ. ಒಂದು ರಾತ್ರಿ ಊಟಕ್ಕೆ ಮ್ಯೂನಿಕ್ಕಿನಿಂದ ಅವನ ಗೆಳೆಯ ಬಂದಿದ್ದ. ಧಾರವಾಡದ ಕಡೆಯ ಹುಡುಗ. ಸಾರನ್ನ ಮುಗಿದು ಮಜ್ಜಿಗೆಗೆ ಬರುವ ಹೊತ್ತಿಗೆ ಇಬ್ಬರಿಗೂ ವಾದ ಹತ್ತಿಕೊಂಡಿತು. ಬಿ.ಎಂ.ಡಬ್ಲ್ಯು. ಕಂಪನಿಯ ಎಂ 5 ಹೆಚ್ಚೋ, ಮರ್ಸಿಡಿಸ್‌ನವರ ಇ 63 ಹೆಚ್ಚೋ ಎಂಬುದು ವಿಷಯ. ಮೊದಲಿನದು ಮ್ಯೂನಿಕ್ಕಿನವರ ಕಾರು, ಎರಡನೆಯದು ಸ್ಟಟ್‌ಗಾರ್ಟಿನವರದು; ಹೊಟ್ಟೆಪಾಡಿಗೆ ಹೋಗಿ ನೆಲೆಸಿದ ಊರಿನ ಮೇಲೂ ಅಭಿಮಾನ ಹುಟ್ಟುತ್ತದೆಂದು ನನಗೆ ಆಗ ತಿಳಿಯಿತು. ಇಬ್ಬರಲ್ಲಿ ಯಾರ ಬಳಿಯೂ ಅಂಥ ಕಾರು ಇರಲಿಲ್ಲ. ನಮ್ಮ ಹುಡುಗ ದಿನವೂ ಕಚೇರಿಗೆ ಹೋಗುವುದು ನಗರದ ರೈಲಿನಲ್ಲಿ. ಆದರೂ ಕುದುರೆಬಲವೆಷ್ಟು, ಸೆಕೆಂಡುಗಳೆಷ್ಟು ಎಂದು ಇಬ್ಬರೂ ಎಂಜಲು ಕೈ ಒಣಗುವವರೆಗೆ ಹೋರಾಡಿದರು. ಕೊನೆಗೆ ಧಾರವಾಡದವನು ನನ್ನ ಕಡೆ ತಿರುಗಿ, “ಸರ್, ನೀವ ಹೇಳ್ರಿ, ಯಾವುದು ಹೆಚ್ಚು?” ಎಂದ.

ಕನ್ನಡ ಪಾಠ ಹೇಳುವವನಿಗೆ ಕೇಳುವ ಪ್ರಶ್ನೆಯೇ ಇದು? ಆದರೆ ಹೋಲಿಸುವುದು ನನ್ನ ಕಸುಬೂ ಹೌದು. ಪಂಪ ರನ್ನರನ್ನು ತೂಗಿ ನೋಡಿರೆಂದು ವರ್ಷ ವರ್ಷವೂ ಪ್ರಶ್ನೆಪತ್ರಿಕೆಯಲ್ಲಿ ಬರೆಯುವವನು ನಾನೇ. ಹಾಗಾಗಿ ಜಾರಿಕೊಳ್ಳಲು ಮನಸ್ಸಾಗದೆ, ಎರಡು ದಿನ ಕುಳಿತು ಆ ಕಾರುಗಳ ವಿಚಾರವನ್ನು ಓದಿದೆ.

ಕಥೆ ಸ್ವಾರಸ್ಯವಾಗಿಯೇ ಇದೆ. 1985ರಲ್ಲಿ ಜನರ ಮುಂದೆ ಬಂದ ಮೊದಲ ಎಂ 5 ನೋಡುವುದಕ್ಕೆ ವೈದ್ಯರೋ ವಕೀಲರೋ ಇಟ್ಟುಕೊಳ್ಳುವ ನಾಲ್ಕು ಬಾಗಿಲಿನ ಸಾಧು ಕಾರು. ಒಳಗಿದ್ದದ್ದು ಎಂ 1 ಎಂಬ ಪಂದ್ಯದ ಸಂತತಿಯ ಕಾರಿನ ಎಂಜಿನು. ಮೂರೂವರೆ ಲೀಟರು, 286 ಅಶ್ವಶಕ್ತಿ. ಅಜ್ಞಾತವಾಸದ ಭೀಮ ವಲಲನಾಗಿ ಅಡಿಗೆ ಮನೆಯಲ್ಲಿದ್ದಂತೆ ಎನ್ನಬಹುದು. ಇದಕ್ಕೆ ಉತ್ತರವೆಂಬಂತೆ 1990ರಲ್ಲಿ ಮರ್ಸಿಡಿಸ್‌ನವರು 500 ಇ ಎಂಬುದನ್ನು ತಂದರು. ಅದರ ಅಗಲವಾದ ಮೈ ಅವರದೇ ಕಾರ್ಖಾನೆಯ ಜೋಡಣೆಯ ಸಾಲಿನಲ್ಲಿ ಹಿಡಿಸದೆ, ಅದೇ ಊರಿನ ಇನ್ನೊಂದು ಮನೆತನವಾದ ಪೋರ್ಷೆಯವರ ಕೈಯಲ್ಲಿ ಜೋಡಿಸಬೇಕಾಯಿತಂತೆ. ಆಮೇಲೆ ಏರಿಕೆಯೇ ಏರಿಕೆ. 1998ರ ಎಂ 5ಕ್ಕೆ 400 ಅಶ್ವಶಕ್ತಿ. 2002ರಲ್ಲಿ ಆಡಿಯವರು 450ರ ಆರ್.ಎಸ್. 6 ಹಿಡಿದು ಕಣಕ್ಕಿಳಿದರು. 2005ರ ಎಂ 5ಕ್ಕೆ ಹತ್ತು ಸಿಲಿಂಡರು, 507. ಮರುವರ್ಷದ ಇ 63ಕ್ಕೆ 514. 2008ರ ಆಡಿಗೆ 580.

ಆ ‘63’ ಎಂಬ ಹೆಸರಿನಲ್ಲೇ ಒಂದು ತಮಾಷೆ ಇದೆ. 1968ರಲ್ಲಿ ಮರ್ಸಿಡಿಸ್‌ನವರು 6.3 ಲೀಟರಿನ ಪ್ರಸಿದ್ಧ ಕಾರೊಂದನ್ನು ತಂದಿದ್ದರು. ಅದರ ನೆನಪಿಗೆ 2006ರ ಕಾರಿಗೆ 63 ಎಂದು ಹೆಸರಿಟ್ಟರು. ಎಂಜಿನನ್ನು ಅಳೆದರೆ 6.2. ಮುಂದೆ ಎಂಜಿನು ಐದೂವರೆಗೆ ಇಳಿಯಿತು, 2016ರಲ್ಲಿ ನಾಲ್ಕಕ್ಕೆ ಇಳಿಯಿತು. ಹೆಸರು ಮಾತ್ರ ಇಳಿಯಲಿಲ್ಲ. ನಮ್ಮ ಅರಸರ ಬಿರುದಾವಳಿಗಳನ್ನು ಶಾಸನಗಳಲ್ಲಿ ಓದಿದವರಿಗೆ ಇದು ಹೊಸದೇನೂ ಅಲ್ಲ. ರಾಜ್ಯ ಕುಗ್ಗಿದಷ್ಟೂ ಬಿರುದು ಉದ್ದವಾಗುವುದುಂಟು.

ಹೆಸರು ಬಿಡೋಣ, ಅಳತೆಗೆ ಬರೋಣ. ಇವನ್ನು ಒರೆಗೆ ಹಚ್ಚುವ ಕಲ್ಲು ಜರ್ಮನಿಯಲ್ಲೇ ಇದೆ. ಅದು 1927ರಲ್ಲಿ ತೆರೆದ ನ್ಯೂರ್ಬರ್ಗ್‌ರಿಂಗಿನ ಉತ್ತರ ಸುತ್ತು. ಕಾಡುಬೆಟ್ಟಗಳ ನಡುವೆ ಸುತ್ತಿಬರುವ 20.832 ಕಿಲೋಮೀಟರಿನ ದಾರಿ. 2008ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸಿ.ಟಿ.ಎಸ್.-ವಿ ಅದನ್ನು ಎಂಟು ನಿಮಿಷಕ್ಕೆ ಒಂದು ಸೆಕೆಂಡಿನಷ್ಟೂ ಬಿಡದೆ, 7 ನಿಮಿಷ 59.32 ಸೆಕೆಂಡಿಗೆ ಸುತ್ತಿದಾಗ ದೊಡ್ಡ ಸುದ್ದಿಯಾಯಿತು. 2025ರಲ್ಲಿ ಶಿಯೋಮಿ ಎಂಬ ಚೀನದ ಕಂಪನಿಯ ವಿದ್ಯುತ್ ಕಾರು 7 ನಿಮಿಷ 4.957 ಸೆಕೆಂಡಿಗೆ ಸುತ್ತಿತು. ಮೊಬೈಲು ಫೋನಿನಿಂದ ಹೆಸರು ಮಾಡಿದ ಕಂಪನಿ ಅದು! ಅಳತೆಯ ಕೋಲೂ ಒಂದೇ ಅಲ್ಲ. ಹಿಂದಿನ ಎಷ್ಟೋ ದಾಖಲೆಗಳಲ್ಲಿ ಪ್ರೇಕ್ಷಕರ ಸಾಲಿನ ಮುಂದಿನ ತುಂಡು ದಾರಿಯನ್ನು ಬಿಟ್ಟು 20.6 ಕಿಲೋಮೀಟರನ್ನೇ ಎಣಿಸುತ್ತಿದ್ದರು. ಇಡೀ ಸುತ್ತನ್ನು ಎಣಿಸಬೇಕೆಂಬ ನಿಯಮ ಬಂದದ್ದು 2019ರಲ್ಲಿ. ಇನ್ನೂ ಒಂದು ವಿಚಿತ್ರ. 2017ರ ಎಂ 5ಕ್ಕೆ 600 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರು ವೇಗ ಮುಟ್ಟಲು 3.4 ಸೆಕೆಂಡು. 2024ರದಕ್ಕೆ ವಿದ್ಯುತ್ ಮೋಟಾರನ್ನೂ ಸೇರಿಸಿ 727 ಅಶ್ವಶಕ್ತಿ ಕೊಟ್ಟರು. ಬ್ಯಾಟರಿ ಮೊದಲಾದವುಗಳಿಂದ ತೂಕ 1,855 ಕಿಲೋದಿಂದ 2,435ಕ್ಕೆ ಏರಿ, ಈಗ 3.5 ಸೆಕೆಂಡು ಬೇಕು. ನೂರಿಪ್ಪತ್ತೇಳು ಕುದುರೆ ಹೆಚ್ಚಿಗೆ ಹೂಡಿದ ಮೇಲೆ ರಥ ನಿಧಾನವಾಯಿತು.

ಇದನ್ನೆಲ್ಲ ಓದುತ್ತಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಖ್ಯೆ. ಈ ಕಾರುಗಳ ಪರಮ ವೇಗದ ಅಂಕಣದಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಗಂಟೆಗೆ 250. ಎಂಜಿನು ಅಷ್ಟಕ್ಕೇ ಸೋಲುತ್ತದೆಯೆಂದಲ್ಲ. ಒಳಗಿರುವ ಯಂತ್ರವೊಂದು ಅಲ್ಲಿ ತಡೆಯುತ್ತದೆ. ಎಂಬತ್ತರ ದಶಕದಲ್ಲಿ, ಹೆದ್ದಾರಿಗಳಿಗೆ ವೇಗಮಿತಿಯ ಕಾನೂನು ಬರಲೆಂಬ ಕೂಗು ಅಲ್ಲಿ ಎದ್ದಿದ್ದ ಕಾಲದಲ್ಲಿ, ಜರ್ಮನಿಯ ದೊಡ್ಡ ತಯಾರಕರು ತಮ್ಮೊಳಗೆ ಮಾಡಿಕೊಂಡ ಬಾಯಿಮಾತಿನ ಒಪ್ಪಂದ ಅದು. 1987ರ ಬಿ.ಎಂ.ಡಬ್ಲ್ಯು. 750ರಿಂದ ಆ ಕಟ್ಟು ಕಾಣಿಸಿಕೊಂಡಿತು.

ಸೋದರಳಿಯನಿಗೆ ಇದು ಬಲು ಹೆಮ್ಮೆ. “ನೋಡಿ ಮಾವ, ಓಡಬಲ್ಲೆವು, ಆದರೆ ಓಡುವುದಿಲ್ಲ ಅಂತ ಅವರೇ ನಿಶ್ಚಯ ಮಾಡಿಕೊಂಡರು. ಶಕ್ತಿಯಿದ್ದವನ ಕ್ಷಮೆಯೇ ಕ್ಷಮೆ ಅಂತ ನೀವೇ ಹೇಳುತ್ತಿದ್ದಿರಲ್ಲ?” ಎಂದ. ಹೇಳುತ್ತಿದ್ದುದು ನಿಜ. ಕೈಲಾಗದವನು ಹೊಡೆಯದಿದ್ದರೆ ಅದರಲ್ಲಿ ಅವನ ದೊಡ್ಡತನವೇನೂ ಇಲ್ಲ. ಹೊಡೆಯಬಲ್ಲವನು ಕೈ ತಡೆದರೆ ಅದು ಗುಣ. ಹಾಗಿದ್ದಮೇಲೆ 600 ಕುದುರೆಯ ಕಾರನ್ನು ಮೆಲ್ಲಗೆ ನಡೆಸುವವನು, 60 ಕುದುರೆಯ ಕಾರನ್ನು ಮೆಲ್ಲಗೆ ನಡೆಸುವವನಿಗಿಂತ ಗುಣವಂತನೇ? ಬಳಸದೆ ಇಟ್ಟ ಬಲಕ್ಕೆ ಒಂದು ಬೆಲೆಯುಂಟೇ? ಅವನ ಪ್ರಶ್ನೆಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು.

ಒಪ್ಪಂದವನ್ನು ಸಂಯಮವೆಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ವೇಗಕ್ಕೆ ಕಟ್ಟು ಬಿದ್ದ ಮೇಲೆ ಸ್ಪರ್ಧೆ ನಿಲ್ಲಲಿಲ್ಲ, ಪಕ್ಕಕ್ಕೆ ಹರಿಯಿತು. ಅಶ್ವಶಕ್ತಿ ಇಮ್ಮಡಿಯಾದದ್ದು ಆಮೇಲೆಯೇ. ಸಾಲದೆಂದು, ಹೆಚ್ಚು ಹಣ ತೆತ್ತವರಿಗೆ ಕಟ್ಟನ್ನು ಸಡಿಲಿಸುವ ಏರ್ಪಾಡೂ ಬಂತು. 2017ರ ಎಂ 5ರಲ್ಲಿ ಹಾಗೆ ತೆತ್ತರೆ ಮಿತಿ 305. ಹಣ ಕೊಟ್ಟು ಬಿಡಿಸಿಕೊಳ್ಳಬಹುದಾದ ವ್ರತಕ್ಕೆ ಏನು ಹೆಸರಿಡಬೇಕೋ ನಾನರಿಯೆ. ಇಷ್ಟಾದರೂ ಇವು ವ್ಯಾಪಾರದ ದೋಷಗಳು, ಆ ವಿಚಾರದ ದೋಷವಲ್ಲ. ತನ್ನ ಪಾಡಿಗೆ ತಾನೇ ಕೈ ತಡೆದುಕೊಂಡು ನಡೆಸುವ ಒಬ್ಬ ಸಜ್ಜನನನ್ನು ಕಲ್ಪಿಸಿಕೊಂಡರೆ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರದ ದಾರಿ ಕಂಡದ್ದು ಆ ಭಾನುವಾರ, ಉಲ್ಮ್ ಪಟ್ಟಣಕ್ಕೆ ಹೋಗುವಾಗ. ಸ್ನೇಹಿತರಿಂದ ಎರವಲು ತಂದ ಚಿಕ್ಕ ಕಾರು, ಹುಡುಗ ನಡೆಸುತ್ತಿದ್ದ. ಅಲ್ಲಿಯ ಹೆದ್ದಾರಿಯಲ್ಲಿ ಎಲ್ಲ ಕಡೆಗೂ ಅನ್ವಯಿಸುವ ವೇಗಮಿತಿಯಿಲ್ಲ. 130ನ್ನು ಮೀರದಿರುವುದು ಒಳ್ಳೆಯದೆಂದು 1978ರಿಂದ ಒಂದು ಸಲಹೆ ಮಾತ್ರ ಇದೆ. ನಾವು 120ರಲ್ಲಿ ಎರಡು ಲಾರಿಗಳನ್ನು ದಾಟುತ್ತಿದ್ದೆವು. ಕನ್ನಡಿಯಲ್ಲಿ ದೂರಕ್ಕೆ ದೀಪಗಳೆರಡು ಕಂಡವು. 240ರಲ್ಲಿ ಬರುವ ಕಾರು 120ರಲ್ಲಿ ಹೋಗುವವನ ಬೆನ್ನಿಗೆ ಸೆಕೆಂಡಿಗೆ 33 ಮೀಟರಿನಂತೆ ಹತ್ತಿರವಾಗುತ್ತದೆ. ಇನ್ನೂರು ಮೀಟರಿನಾಚೆ ಕಂಡದ್ದು ಆರು ಸೆಕೆಂಡಿನಲ್ಲಿ ಹಿಂದಿನ ಗಾಜನ್ನೆಲ್ಲ ತುಂಬಿಕೊಳ್ಳುತ್ತದೆ. ಬಂದವನು ಹಾರ್ನು ಒತ್ತಲಿಲ್ಲ, ದೀಪ ಮಿಣುಕಿಸಲಿಲ್ಲ. ವೇಗ ತಗ್ಗಿಸಿ ಸ್ವಲ್ಪ ಅಂತರವನ್ನೂ ಬಿಟ್ಟು ನಿಧಾನವಾಗಿ ಹಿಂಬಾಲಿಸಿದ. ಸಭ್ಯನೇ ಎನ್ನಬೇಕು. ಆದರೆ ನಮ್ಮ ಹುಡುಗನ ಬೆರಳಿನ ಗೆಣ್ಣುಗಳು ಚಕ್ರದ ಮೇಲೆ ಬೆಳ್ಳಗಾದವು. ಎರಡನೆಯ ಲಾರಿಯನ್ನು ದಾಟಿಯೇ ಬಲಕ್ಕೆ ಸರಿಯಬೇಕಾಗಿದ್ದವನು, ಎರಡು ಲಾರಿಗಳ ನಡುವಿನ ಇಕ್ಕಟ್ಟಿನಲ್ಲೇ ನುಗ್ಗಿದ. ಹಿಂದಿನ ಲಾರಿಯವನು ಕೂಗು ಹಾಕಿದ. ನನ್ನ ಎದೆ ಬಾಯಿಗೆ ಬಂದಿತ್ತು. ಸಂಜೆ ಇದನ್ನು ಫೋನಿನಲ್ಲಿ ಹೇಳಿದಾಗ ಮ್ಯೂನಿಕ್ಕಿನ ಗೆಳೆಯ ಮೊದಲು ಕೇಳಿದ್ದು, “ಯಾವ ಗಾಡಿ ಇತ್ತೋ?” ಎಂದು. ನಾವು ನೋಡಿರಲಿಲ್ಲ.

ನಮ್ಮದು ಏನೂ ಆಗದೆ ಮುಗಿದ ಪ್ರಸಂಗ. 2003ರ ಜುಲೈಯಲ್ಲಿ ಕಾರ್ಲ್ಸ್‌ರೂಹೆಯ ಬಳಿಯ ಹೆದ್ದಾರಿಯಲ್ಲಿ ಹಾಗೆ ಮುಗಿಯಲಿಲ್ಲ. ಭಾರಿ ಎಂಜಿನಿನ ಕಾರೊಂದು ಅತಿವೇಗದಿಂದ ಬೆನ್ನಿಗೆ ಬಂದದ್ದನ್ನು ಕಂಡು, ಚಿಕ್ಕ ಕಾರು ನಡೆಸುತ್ತಿದ್ದ ತರುಣಿಯೊಬ್ಬಳು ಗಾಬರಿಯಿಂದ ಪಕ್ಕಕ್ಕೆಳೆದಳು. ಕಾರು ಹತೋಟಿ ತಪ್ಪಿ ಮರಗಳಿಗೆ ಬಡಿಯಿತು. ಅವಳೂ ಎರಡು ವರ್ಷದ ಮಗಳೂ ತೀರಿಕೊಂಡರು. ಒಂದು ಕಾರು ಇನ್ನೊಂದನ್ನು ಮುಟ್ಟಿರಲೇ ಇಲ್ಲ. ತಾನು ಅಲ್ಲಿರಲೇ ಇಲ್ಲವೆಂದು ಆಪಾದಿತ ಕೊನೆಯವರೆಗೂ ವಾದಿಸಿದ, ನ್ಯಾಯಾಲಯ ಒಪ್ಪಲಿಲ್ಲ. ಮೇಲ್ಮನವಿಯಲ್ಲಿ ಶಿಕ್ಷೆ ಒಂದು ವರ್ಷಕ್ಕಿಳಿದು, ಅದನ್ನೂ ಅಮಾನತಿನಲ್ಲಿಟ್ಟರು.

ಉಲ್ಮ್ ದಾರಿಯ ಆ ಸಭ್ಯನನ್ನು ಇವನ ಸಾಲಿಗೆ ಸೇರಿಸುವುದು ಅನ್ಯಾಯ. ಅವನು ತನ್ನ ಬಲವನ್ನು ತಡೆದೇ ಇದ್ದ. ಆದರೂ ಅದು ಕೆಲಸ ಮಾಡಿತು. ಅವನ ಪಾದದ ಕೆಳಗಲ್ಲ, ನಮ್ಮ ಹುಡುಗನ ಕೈಗಳಲ್ಲಿ. ಬಳಸದ ಬಲ ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ತೆಪ್ಪಗಿರುತ್ತದೆಂದು ನಾನು ತಿಳಿದಿದ್ದೆ. ಕ್ಷಮೆಯ ಮಾತನಾಡಿದವರು ಎದುರಾಳಿಯನ್ನು ಕಣ್ಣಾರೆ ಕಂಡು ಮಾತನಾಡಿದರು. ಕ್ಷಮಿಸಿದೆನೆಂದು ಅವನಿಗೆ ತಿಳಿಸುವ ದಾರಿಯಿತ್ತು. ಕನ್ನಡಿಯಲ್ಲಿ ಕಾಣುವ ಎರಡು ದೀಪಗಳಿಗೆ ಮುಖವಿಲ್ಲ. ಒಳಗಿರುವವನು ಸಂಯಮಿಯೋ ಮದಾಂಧನೋ ಎಂದು ಮುಂದಿನವನು ಆರು ಸೆಕೆಂಡಿನಲ್ಲಿ ಹೇಗೆ ತಿಳಿದಾನು?

ಮೊನ್ನೆ ಸೋದರಳಿಯ ಹೊಸ ಕಾರುಗಳ ಅಂಕಿಗಳನ್ನೆಲ್ಲ ಒಂದು ಪಟ್ಟಿಯಾಗಿ ಬರೆದು ಕಳಿಸಿದ್ದಾನೆ. ತೀರ್ಪು ಇನ್ನೂ ಬಾಕಿಯಿದೆಯೆಂದು ನೆನಪಿಸಿದ್ದಾನೆ. ವೇಗ ಎರಡರಷ್ಟಾದರೆ ಬ್ರೇಕು ಹಾಕಿ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆಂದು ಅವನೇ ನನಗೆ ಕಲಿಸಿದ್ದ. ಅವನ ಪಟ್ಟಿಯಲ್ಲಿ ಆ ದೂರದ ಅಂಕಣವಿಲ್ಲ. ಅದನ್ನು ಸೇರಿಸಿ, 250ರಿಂದ ನಿಲ್ಲುವುದಕ್ಕೆ ಯಾವುದಕ್ಕೆ ಎಷ್ಟು ಮೀಟರು ಬೇಕೆಂದು ಬರೆದು ಕಳಿಸಪ್ಪ, ಆಮೇಲೆ ಹೇಳುತ್ತೇನೆ ಎಂದು ಬರೆದಿದ್ದೇನೆ.