ಗಾಜಿನ ಗೋಡೆಯೊಳಗಿನ ಜೀವ

ಅಮೆರಿಕದ ಅನೇಕ ಮನೆಗಳಲ್ಲಿ ನೆಲಮಾಳಿಗೆಯುಂಟು. ಅಲ್ಲಿ ಪ್ಲೈವುಡ್ ಹಲಗೆಗಳನ್ನು ಜೋಡಿಸಿ, ಒಳಮೈಗೆ ಎಪಾಕ್ಸಿ ಬಳಿದು, ಮುಂಬದಿಗೆ ದಪ್ಪ ಗಾಜನ್ನು ಕೂಡಿಸಿ ಕೆಲವರು ಸ್ವಹಸ್ತದಿಂದಲೇ ಬೃಹತ್ ಮತ್ಸ್ಯಾಲಯವನ್ನು ಕಟ್ಟುತ್ತಾರೆ. 10,000 ಲೀಟರ್ ನೀರೆಂದರೆ 10 ಟನ್ ಭಾರ. ಮೀನುಗಳಿಂದ ಹೊರಬೀಳುವ ಅಮೋನಿಯಾ ಅವುಗಳಿಗೇ ವಿಷ. ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ವಾರಗಳೇ ಬೇಕು. ಅಷ್ಟು ತಾಳ್ಮೆಯಿಂದ ಕಾಯುವವನಿಗೆ ಪ್ರೀತಿಯಿಲ್ಲವೆನ್ನಲಾಗದು. ‘ಇದೂ ಜೀವದಯೆಯಲ್ಲವೇ?’ ಎಂದು ಅಲ್ಲಿ ನೆಲೆಸಿದ ಜೈನ ಕುಟುಂಬದ ಮಗು ಕೇಳಿದರೆ ಏನೆನ್ನೋಣ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸಿದ್ದು ಬಂಧವನ್ನು. ಅನ್ನಪಾನನಿರೋಧವು ಕೊನೆಯದು. ಹೊತ್ತುಹೊತ್ತಿಗೆ ಉಣಿಸುವವನು ಕೊನೆಯ ದೋಷದಿಂದ ಪಾರಾದಾನು. ಮೊದಲನೆಯದು ಉಳಿದೇ ಇರುತ್ತದೆ. ತೊಟ್ಟಿ ದೊಡ್ಡದಾದಷ್ಟೂ ಮೀನಿನ ಸಂಕಟ ಕಡಿಮೆಯಾದೀತು, ಬಂಧ ತಪ್ಪದು. ಉಣಿಸುವ ಆಹಾರವೂ ಹಲವು ವೇಳೆ ಬೇರೆ ಮೀನುಗಳ ಪುಡಿಯೇ ಆಗಿರುತ್ತದೆ. ಇದೆಲ್ಲವೂ ನಮ್ಮ ಕಣ್ಣಿನ ಸುಖಕ್ಕಾಗಿ.

ಹಾಗೆಂದು ಸಾಕಿದ ಮೀನನ್ನು ಹತ್ತಿರದ ನೀರಿಗೆ ಬಿಡುವುದೂ ದಯೆಯಲ್ಲ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಸಿಂಹಮೀನು 1985ರಲ್ಲಿ ಫ್ಲೋರಿಡಾದ ಕಡಲಲ್ಲಿ ಕಂಡುಬಂದಿತು. ಸಾಕಿದವರು ಬಿಟ್ಟದ್ದೇ ಕಾರಣವಿರಬೇಕೆಂಬುದು ವಿಜ್ಞಾನಿಗಳ ಅಭಿಪ್ರಾಯ. ಇಂದು ಅದು ಅಲ್ಲಿನ ಹವಳದಿಬ್ಬಗಳ ಸಣ್ಣ ಮೀನುಗಳಿಗೆ ಕಂಟಕವಾಗಿದೆ.

ಆದ್ದರಿಂದ ಕಟ್ಟದವನು ಕಟ್ಟದಿರಲಿ. ಈಗಾಗಲೇ ಕಟ್ಟಿದವನು ಇರುವ ಜೀವಗಳನ್ನು ಅವುಗಳ ಆಯುಷ್ಯ ತೀರುವವರೆಗೆ ಶುದ್ಧ ನೀರಿನಲ್ಲಿ ಕಾಪಾಡಲಿ, ಹೊಸದನ್ನು ಕೊಳ್ಳದಿರಲಿ. ಮಾಡಿದ ಬಂಧದ ಹೊಣೆಯನ್ನು ಕೊನೆಯವರೆಗೆ ಹೊರುವುದೂ ಶ್ರಾವಕಧರ್ಮವೇ.