ಲಾಭದ ಅಂಗಡಿಯಲ್ಲಿ ಧರ್ಮದ ಪರೀಕ್ಷೆ

ಬೆಲೆ ತಿಳಿಯದ ಮಗು ಬಂದರೂ ಎಲ್ಲರಿಗೆ ಹೇಳುವ ಬೆಲೆಯನ್ನೇ ಹೇಳುವ ವ್ಯಾಪಾರಿ ಧರ್ಮವಂತನೇ? 1785ರಲ್ಲಿ ಜರ್ಮನ್ ದಾರ್ಶನಿಕ ಕಾಂಟ್ ಈ ಉದಾಹರಣೆಯನ್ನೆತ್ತಿಕೊಂಡು, ತನ್ನ ಲಾಭಕ್ಕಾಗಿ ಹಾಗೆ ನಡೆದುಕೊಂಡರೆ ಅದು ಜಾಣತನವೇ ಹೊರತು ಧರ್ಮವಲ್ಲ ಎಂದ. ಅಮೆರಿಕದ ವ್ಯಾಪಾರಿ ಜೆ.ಸಿ. ಪೆನ್ನಿಯವರ ಬದುಕನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು. 1875ರಲ್ಲಿ ಮಿಸೌರಿಯಲ್ಲಿ ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗನಾಗಿ ಹುಟ್ಟಿದ ಅವರು, 1902ರಲ್ಲಿ ವಯೋಮಿಂಗ್‌ನ ಗಣಿ ಊರಾದ ಕೆಮ್ಮರರ್‌ನಲ್ಲಿ ‘ಗೋಲ್ಡನ್ ರೂಲ್’ ಎಂಬ ಅಂಗಡಿ ತೆರೆದರು. ಇತರರಿಂದ ನಾವು ಬಯಸುವ ನಡತೆಯನ್ನೇ ಅವರಿಗೂ ತೋರಬೇಕೆಂಬ ಯೇಸುವಿನ ಬೋಧನೆಯೇ ಆ ಹೆಸರಿನ ಮೂಲ. ಸಾಲದ ವಹಿವಾಟು ರೂಢಿಯಾಗಿದ್ದ ಊರಿನಲ್ಲಿ ಅವರದು ನಗದು ವ್ಯಾಪಾರ, ಎಲ್ಲರಿಗೂ ಒಂದೇ ಬೆಲೆ. 1929ರ ಹೊತ್ತಿಗೆ ಅವರ ಮಳಿಗೆಗಳು ಸಾವಿರ ದಾಟಿದ್ದವು.

ಇಷ್ಟು ಲಾಭ ತಂದ ಪ್ರಾಮಾಣಿಕತೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜ. ‘ಗೋಲ್ಡನ್ ರೂಲ್’ ಎಂಬ ಹೆಸರೂ ಅವರ ಪಾಲುದಾರರಿಂದ ಬಂದದ್ದು. 1913ರಲ್ಲಿ ಅದರ ಜಾಗಕ್ಕೆ ಪೆನ್ನಿಯವರ ಸ್ವಂತ ಹೆಸರೇ ಬಂತು ಎಂಬುದೂ ನಿಜ. ಆದರೆ ಅದೇ ವರ್ಷ ಕಂಪನಿ ಬರೆದಿಟ್ಟ ತತ್ವಗಳಲ್ಲಿ, ಪ್ರತಿಯೊಂದು ನಡೆಯೂ ನ್ಯಾಯಕ್ಕೆ ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಬೇಕೆಂಬುದೂ ಒಂದು. ಬರಹಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅದಕ್ಕೂ ಹಿಂದಿನದು. ಕೊಲರಾಡೊದ ಲಾಂಗ್‌ಮಾಂಟ್‌ನಲ್ಲಿ ಮಾಂಸದಂಗಡಿ ನಡೆಸುತ್ತಿದ್ದಾಗ, ಹೋಟೆಲಿನ ಅಡುಗೆಯವನಿಗೆ ವಿಸ್ಕಿಯ ಲಂಚ ಕೊಡುವುದನ್ನು ಅವರು ನಿರಾಕರಿಸಿದರು. ದೊಡ್ಡ ಗಿರಾಕಿ ಕೈತಪ್ಪಿತು, ಅಂಗಡಿಯೂ ಹೋಯಿತು. ಲಾಭವೂ ಧರ್ಮವೂ ಒಂದೇ ದಾರಿಯಲ್ಲಿ ನಡೆಯುವಾಗ ಉದ್ದೇಶ ಯಾವುದೆಂದು ಹೊರಗಿನವರಿಗೆ ತಿಳಿಯದು. ಅವು ಕವಲೊಡೆದ ಕಡೆ ಪೆನ್ನಿ ಹಿಡಿದ ದಾರಿ ಯಾವುದೆಂದು ಲಾಂಗ್‌ಮಾಂಟ್ ತೋರಿಸುತ್ತದೆ. ಮುಂದೆ, ನಂಬಿಕಸ್ಥ ವ್ಯವಸ್ಥಾಪಕರಿಗೆ ಹೊಸ ಅಂಗಡಿಗಳಲ್ಲಿ ಪಾಲು ಕೊಟ್ಟು, ಯೇಸುವಿನ ಆ ಬೋಧನೆಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೂ ಅನ್ವಯಿಸಿದರು.

ದಾನದ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ: ಉಳ್ಳವನು ಕೊಟ್ಟರೆ ಏನು ಹೆಚ್ಚುಗಾರಿಕೆ? 1920ರ ದಶಕದಲ್ಲಿ ನಿವೃತ್ತ ಬೋಧಕರಿಗಾಗಿ ಫ್ಲಾರಿಡಾದಲ್ಲಿ ಅವರು ಕಟ್ಟಿಸಿದ ವಸತಿ, ಸಂಪತ್ತಿದ್ದಾಗಿನ ಕೆಲಸ ನಿಜ. 1929ರ ಷೇರು ಕುಸಿತದ ನಂತರ ಆ ಸಂಪತ್ತೆಲ್ಲ ಕರಗಿತು. ಮನಸ್ಸೂ ದೇಹವೂ ಸೋತು ಅವರು ಬ್ಯಾಟಲ್ ಕ್ರೀಕ್ ಎಂಬ ಊರಿನ ಆರೋಗ್ಯಧಾಮ ಸೇರಿದರು. ಅಲ್ಲಿ ಕೇಳಿದ ಸ್ತುತಿಗೀತೆಯೊಂದು ತಮ್ಮನ್ನು ಬದಲಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. ಒಳ್ಳೆಯ ನಡತೆಗೆ ಏಳಿಗೆಯೇ ಪ್ರತಿಫಲ ಎಂಬುದಷ್ಟೇ ಅವರ ಧರ್ಮವಾಗಿದ್ದರೆ, ಅದು ಹಣದೊಂದಿಗೇ ಮುಳುಗಬೇಕಿತ್ತು. ಬರಿಗೈಯಾದಾಗಲೂ ಅದು ಅವರಲ್ಲಿ ಉಳಿಯಿತು, 1971ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಜೊತೆಗಿತ್ತು. ಕಾಂಟ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ನಷ್ಟಗಳಲ್ಲಿ, ಸಾವಿರ ಮಳಿಗೆಗಳ ಲೆಕ್ಕದಲ್ಲಿ ಅಲ್ಲ.