ಸಾರಥ್ಯದ ಧರ್ಮ

ಕಠೋಪನಿಷತ್ತು ದೇಹವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ತಿಳಿಸುತ್ತದೆ. ಮದ್ಯವು ಮೊದಲು ಕೆಡಿಸುವುದು ಆ ಸಾರಥಿಯನ್ನೇ. ದ್ವಾರಕೆಯಲ್ಲಿ ಸುರೆಯನ್ನು ನಿಷೇಧಿಸಿ ಡಂಗುರ ಸಾರಿಸಿದ್ದರೂ, ಪ್ರಭಾಸದಲ್ಲಿ ಕುಡಿದ ಯಾದವರು ತಮ್ಮವರನ್ನೇ ಕೊಂದರೆಂದು ಮೌಸಲಪರ್ವವು ಹೇಳುತ್ತದೆ. ಆಜ್ಞೆಯೊಂದೇ ಸಾಲದು, ಮನೆಮನೆಯ ತಿಳಿವಳಿಕೆ ಬೇಕು.

ಪುಣೆ-ಹೈದರಾಬಾದು ಹೆದ್ದಾರಿಯು ಬಸವಕಲ್ಯಾಣದ ಸಮೀಪದಿಂದ ಹುಮನಾಬಾದಿನತ್ತ ಸಾಗುತ್ತದೆ. ಮದುವೆ-ಮುಂಜಿಗಳಿಗೆ ನಾವೂ ಇರುಳಿನಲ್ಲಿ ಈ ದಾರಿಯಲ್ಲೇ ಬರುವವರು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವಿದ್ದು ವಾಹನ ನಡೆಸುವುದು 1988ರ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. ‘ನಾವು ಕುಡಿಯುವವರಲ್ಲ’ವೆಂದು ಸುಮ್ಮನಿರಲಾಗದು, ಎದುರಿನವನ ಪ್ರಮಾದಕ್ಕೆ ನಮ್ಮ ಮಕ್ಕಳೂ ಬಲಿಯಾದಾರು. ಬಾಡಿಗೆ ವಾಹನದ ಚಾಲಕನಿಗೂ ಊಟ, ವಿಶ್ರಾಂತಿಗಳನ್ನು ಕೊಡೋಣ. ಕುಡಿದವನು ಬಂಧುವೇ ಆದರೂ ಕೀಲಿಕೈಯನ್ನು ಕೇಳಿ ಪಡೆಯಲು ಸಂಕೋಚಪಡದಿರೋಣ.

ಪಾರ್ಥಸಾರಥಿಯಾದ ಶ್ರೀಹರಿಯು ಸರ್ವರಿಗೂ ಸದ್ಬುದ್ಧಿಯನ್ನು ಅನುಗ್ರಹಿಸಲಿ. ಶ್ರೀಕೃಷ್ಣಾರ್ಪಣಮಸ್ತು.